ಬಿಳಿ ಬಿಲ್ಲೆಗೆ ಹತ್ತಿದ ಅರಿಶಿಣ

ಪುಂಡಿಸೊಪ್ಪಿನ ಎಲೆ ಬಿಡಿಸುತ್ತ ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಸೊಪ್ಪಿನ ರಸಕ್ಕೆ ಉಗುರಿನ ಸಂದಿಗಳು ಕಪ್ಪಾಗಿದ್ದವು. ಫೋನು ಬಂತು. ವಿಶಾಖಪಟ್ಟಣದಿಂದ ಅಣ್ಣನವರ ಮಗಳು. ಆ ಹುಡುಗಿಗೆ ಕನ್ನಡ ಮನೆಯೊಳಗಿನ ಮಾತು, ಗಾಬರಿಯಾದರೆ ಬಾಯಿಗೆ ಬರುವುದು ತೆಲುಗೇ. "ಅತ್ತಾ, ನಾನ್ನ ಪೊದ್ದುನ ಲೇವಲೇದು" ಎಂದಳು. ಅಪ್ಪ ಬೆಳಿಗ್ಗೆ ಏಳಲಿಲ್ಲವಂತೆ. ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಆಸ್ಪತ್ರೆ ಇಲ್ಲ, ಮೂಗಿಗೆ ಕೊಳವೆ ಇಲ್ಲ, ಯಾರ ಕೈ ಕಾಯುವುದೂ ಇಲ್ಲ. ಅಷ್ಟು ಕರುಣೆಯನ್ನು ದುರ್ಗಮ್ಮ ತೋರಿಸಿದಳು. ಅದಕ್ಕೂ ಮೊದಲು ತೋರಿಸಬೇಕಾದ ಕಡೆ ತೋರಿಸಲಿಲ್ಲ ಎಂಬುದನ್ನು ಅವಳ ಗುಡಿಯಿರುವ ಇಂದ್ರಕೀಲಾದ್ರಿಯ ಮೆಟ್ಟಿಲ ಮೇಲೆ ನಿಂತು ಅವಳಿಗೆ ನಾನು ಹೇಳಿಯೇ ಇದ್ದೇನೆ.

ಅಣ್ಣ ಎಂದರೆ ಒಡಹುಟ್ಟಿದವರಲ್ಲ. ನೌಕಾದಳದ ಫೋಟೋ ವಿಭಾಗದಲ್ಲಿದ್ದು, ನಿವೃತ್ತರಾದ ಮೇಲೆ ವಿಶಾಖಪಟ್ಟಣದಲ್ಲೇ ಮನೆ ಮಾಡಿಕೊಂಡು, ನಮ್ಮ ಲ್ಯಾಬಿಗೆ ಕೆಲಸಕ್ಕೆ ಬಂದವರು. ನಮ್ಮ ಯಜಮಾನರು ಮತ್ತು ಮೈದುನ ಸೇರಿ ನಡೆಸುವ ಲ್ಯಾಬ್ ಅದು. ಮದುವೆಯ ಆಲ್ಬಮ್ಮು, ಗೋಡೆಗೆ ಹಾಕುವ ದೊಡ್ಡ ಫೋಟೋ, ಇಂಥವನ್ನು ಪ್ರಿಂಟ್ ಮಾಡಿಕೊಡುತ್ತಾರೆ. ಅಂಗಡಿ ಗವರ್ನರ್‌ಪೇಟೆಯಲ್ಲಿ, ಯಂತ್ರಗಳೆಲ್ಲ ಭವಾನಿಪುರಂನ ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲಿ. ಅಣ್ಣನವರಿಗೆ ಅಲ್ಲೇ ಹಿಂದೆ ಒಂದು ಕೋಣೆ, ಊಟ ಮೇಲೆ ನಮ್ಮ ಮನೆಯಲ್ಲಿ.

ಯಜಮಾನರ ಮನೆತನ ಹಿಂದಿನಿಂದ ಈ ತೆಲುಗು ನಾಡಿನದೇ. ಅವರ ಕನ್ನಡಕ್ಕೆ ತೆಲುಗಿನ ಒಗ್ಗರಣೆ. ನಾನು ಧಾರವಾಡದ ಕಡೆಯವಳು. ತವರಿನ ಮಾತು ಕಿವಿಗೆ ಬೀಳದೆ ಎಷ್ಟೋ ಕಾಲವಾಗಿತ್ತು. ಅಣ್ಣನವರೂ ಆ ಕಡೆಯವರೇ. ಬಂದ ಮೊದಲ ದಿನ ಮೆಟ್ಟಿಲ ಬಳಿ ನಿಂತು, "ಏನವಾ ತಂಗೀ, ರೊಟ್ಟಿ ಬಡಿಯಾಕತ್ತೀಯೇನು? ಸಪ್ಪಳ ಕೇಳಿ ಬಂದ್ನಿ" ಎಂದರು. ನಾನು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡೆ.

ಅವರು ತೊಡುತ್ತಿದ್ದದ್ದು ಬೂದುಬಣ್ಣದ ಅಂಗಿ ಮಾತ್ರ. ಕೆಂಪಂಗಿ ತೊಟ್ಟು ಫೋಟೋ ನೋಡಿದರೆ ಅಂಗಿಯ ಕೆಂಪು ಫೋಟೋದ ಮೇಲೂ ಬೀಳುತ್ತದೆ ಎನ್ನುತ್ತಿದ್ದರು. ಹೊಸ ಗಿರಾಕಿಗಳು ಅವರನ್ನು ಕಾವಲುಗಾರರೆಂದುಕೊಳ್ಳುತ್ತಿದ್ದರು. ಒಂದು ದಿನ ಲ್ಯಾಬಿನ ಕಿಟಕಿಯ ಹೊರಗೆ ನನ್ನ ಗುಲಾಬಿ ಸೀರೆ ಒಣಹಾಕಿದ್ದೆ. ಅಣ್ಣ ಮೇಲೆ ಬಂದು, "ತಂಗೀ, ಆ ಸೀರಿ ತಗೀವಾ. ಕೆಳಗ ಮದುಮಕ್ಕಳೆಲ್ಲಾ ನಾಚಿಕೊಂಡಂಗ ಕಾಣಾಕತ್ತಾರ" ಎಂದರು.

ಹಾಗೆಂದು ಸುಲಭದ ಮನುಷ್ಯರಲ್ಲ. ಬಾಯಿ ಖಾರ. ಗಡಿಬಿಡಿಯ ಕೆಲಸ ತಂದವರನ್ನು ನಿಲ್ಲಿಸಿಯೇ ಬೈಯುತ್ತಿದ್ದರು. ಮೈದುನ ಅವಸರದಲ್ಲಿ ತೆಗೆದ ಪ್ರಿಂಟುಗಳನ್ನು ಒಮ್ಮೆ ಗಿರಾಕಿಯ ಎದುರಲ್ಲೇ ಹರಿದು, "ಮುಂಜಾನಿ ಬರ್ರಿ, ನೆಟ್ಟಗಿದ್ದದ್ದು ಕೊಡ್ತೀನಿ" ಎಂದು ಕಳಿಸಿದ್ದರು. ಮೈದುನ ಅದನ್ನು ಮರೆಯಲಿಲ್ಲ.

ಹೊಸ ಬಗೆಯ ಕಾಗದ ಬಂದಾಗಲೆಲ್ಲ ಅಣ್ಣನವರದು ಒಂದು ವ್ರತ. ನೂರಾರು ಬಣ್ಣದ ಚೌಕಗಳಿರುವ ಹಾಳೆಯನ್ನು ಆ ಕಾಗದದ ಮೇಲೆ ಪ್ರಿಂಟ್ ಮಾಡಿ, ಮಸಿ ಚೆನ್ನಾಗಿ ಒಣಗಲೆಂದು ಮರುದಿನದವರೆಗೆ ಬಿಡುತ್ತಿದ್ದರು. ಆಮೇಲೆ ಅಂಗೈಯಗಲದ ಒಂದು ಕರಿಯ ಮಾಪಕವನ್ನು ಸಾಲುಸಾಲಾಗಿ ಅದರ ಮೇಲೆ ಎಳೆಯುತ್ತಿದ್ದರು. ಯಾವ ಚೌಕದಲ್ಲಿ ನಿಜಕ್ಕೂ ಯಾವ ಬಣ್ಣ ಬಂದಿದೆ ಎಂದು ಮಾಪಕ ಕಂಪ್ಯೂಟರಿಗೆ ತಿಳಿಸುತ್ತದೆ. ಅದನ್ನು ನೋಡಿಕೊಂಡು, ಆ ಕಾಗದಕ್ಕೆ ಯಾವ ಮಸಿ ಎಷ್ಟು ಬಿಡಬೇಕೆಂದು ಕಂಪ್ಯೂಟರು ಪ್ರಿಂಟರಿಗೆ ಹೇಳುತ್ತದೆ. ಇದನ್ನೇ ಪ್ರೊಫೈಲ್ ಮಾಡುವುದು ಎನ್ನುತ್ತಾರೆ. ಒಮ್ಮೆ ಅಳೆದರೆ ಅಣ್ಣನಿಗೆ ಸಾಲದು. ಹಾಳೆಯನ್ನೆತ್ತಿ, ಮತ್ತೆ ಹಾಸಿ, ಎರಡನೇ ಸಲ ಅಳೆದು, ಎರಡೂ ತಾಳೆಯಾದರೆ ಮಾತ್ರ ತಲೆಯಾಡಿಸುವರು. "ಒಮ್ಮೆ ಕೇಳಿದ್ದು ಸುದ್ದಿ. ಎರಡನೇ ಸಲಾನೂ ಅದ ಬಂದ್ರ ಸಾಕ್ಷಿ" ಎನ್ನುವರು.

ಮಾಪಕವನ್ನು ಕೂರಿಸುವ ಪೀಠದಲ್ಲಿ, ಜಾರುವ ಮುಚ್ಚಳದ ಅಡಿಯಲ್ಲಿ, ಒಂದು ಬಿಳಿ ಬಿಲ್ಲೆ ಇದೆ. ಅಳೆಯುವ ಮೊದಲು ಮಾಪಕ ಅದನ್ನು ನೋಡಿ, ಬಿಳಿ ಎಂದರೆ ಇದು ಎಂದು ತಿಳಿದುಕೊಳ್ಳಬೇಕು. ಉಳಿದ ಬಣ್ಣಗಳ ಅಳತೆಯೆಲ್ಲ ಆ ಬಿಳಿಯ ಮೇಲೆ ನಿಂತಿದೆ. ಅದಕ್ಕೆ ಯಾರೂ ಬೆರಳು ತಾಗಿಸಬಾರದೆಂದು ಅಣ್ಣನವರ ಕಟ್ಟಪ್ಪಣೆ.

ಒಂದು ವರ್ಷ ದಸರೆಗೆ ಅಣ್ಣ ವಿಶಾಖಪಟ್ಟಣಕ್ಕೆ, ಹೆಂಡತಿ ಮಗಳ ಬಳಿಗೆ ಹೋಗಿದ್ದರು. ಆಯುಧಪೂಜೆಯ ದಿನ ಯಜಮಾನರು ಮಡಿಯುಟ್ಟು ಲ್ಯಾಬಿಗೆ ಇಳಿದರು. ಪ್ರಿಂಟರಿಗೆ, ಕಾಗದ ಕತ್ತರಿಸುವ ಯಂತ್ರಕ್ಕೆ, ಸ್ಕೂಟರಿಗೆ, ಎಲ್ಲಕ್ಕೂ ಅರಿಶಿಣ ಕುಂಕುಮ. ನಾನು ತಟ್ಟೆ ಹಿಡಿದು ಹಿಂದೆ ಹಿಂದೆ. ಮಾಪಕದ ಕರಿ ಮೈಮೇಲೆ ಇಟ್ಟ ಬೊಟ್ಟು ಅವರಿಗೆ ಎದ್ದು ಕಾಣಲಿಲ್ಲ. ಪೀಠದ ಮುಚ್ಚಳ ಸರಿಸಿದರು. ಒಳಗೆ ಬೆಳ್ಳಗಿನ ಬಿಲ್ಲೆ. "ಇದಿಗೋ, ಅಸಲು ಪ್ರಾಣ ಇಲ್ಲಿದೆ" ಎಂದು ಎಣ್ಣೆಯಲ್ಲಿ ಕಲಸಿದ ಅರಿಶಿಣವನ್ನು ಅದರ ನಡುವೆ ಹಚ್ಚಿ, ಮೇಲೆ ಕುಂಕುಮವಿಟ್ಟರು.

"ಅಣ್ಣ ಅದನ್ನ ಮುಟ್ಟಬೇಡಿ ಅಂತಾರಲ್ಲ" ಎಂದೆ.

"ನಿನ್ನ ಅಣ್ಣ ದುರ್ಗಮ್ಮನಿಗಿಂತ ದೊಡ್ಡೋರೇನೇ?" ಎಂದು ನಕ್ಕರು.

ಮರುದಿನ ಪಂಚೆಯ ಅಂಚಿನಿಂದ ಒರೆಸಿದರು. ಕುಂಕುಮ ಹೋಯಿತು, ಬಿಲ್ಲೆ ಮೊದಲಿನ ಹಾಗೇ ಕಂಡಿತು, ಮುಚ್ಚಳ ಎಳೆದರು. ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಅಂದುಕೊಂಡೆವು.

ಹಬ್ಬ ಮುಗಿಸಿ ಬಂದ ಅಣ್ಣ, ಕಾರ್ತಿಕದ ಮದುವೆಗಳಿಗೆಂದು ತರಿಸಿದ್ದ ಹೊಸ ಕಾಗದಕ್ಕೆ ಪ್ರೊಫೈಲ್ ಮಾಡಿದರು. ಎರಡು ಸಲ ಅಳೆದರು. ಎರಡೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ತಾಳೆಯಾದವು. ಆದರೆ ಮೊದಲ ಫೋಟೋ ಹೊರಬಂದಾಗ ಅದನ್ನು ಹಿಡಿದು ಕಿಟಕಿಯ ಬಳಿ ಬಹಳ ಹೊತ್ತು ನಿಂತರು. ನಾನು ಮಜ್ಜಿಗೆ ಒಯ್ದಿದ್ದೆ. ಮೈದುನ ಅಲ್ಲೇ ಇದ್ದ. "ಸ್ವಲ್ಪ ಹಳದಿ ಅನಸ್ತೈತಲ್ಲ. ಅಳತಿ ನೋಡಿದ್ರ ಎರಡೂ ಸರಿ ಐತಿ. ನನ್ನ ಕಣ್ಣಿಗೇ ವಯಸ್ಸಾತೇನೋ" ಎಂದು ಅಣ್ಣ ನಕ್ಕರು. ಮೈದುನ ನಗಲಿಲ್ಲ. ಆ ಮಾತನ್ನು ಎತ್ತಿಟ್ಟುಕೊಂಡ.

ಆಲ್ಬಮ್ಮುಗಳು ಹೋದವು. ತೆಲುಗರ ಮದುವೆಯಲ್ಲಿ ವಧೂವರರು ಮಧುಪರ್ಕದ ಬಟ್ಟೆ ಉಡುತ್ತಾರೆ, ಕೆಂಪಂಚಿನ ಅಚ್ಚಬಿಳಿ. ಅದು ಅರಿಶಿಣದ ನೀರಿನಲ್ಲಿ ಅದ್ದಿ ತೆಗೆದಂತೆ ಬಂದಿತ್ತು. ಒಬ್ಬಿಬ್ಬರು ಕೇಳಿದಾಗ, "ಪೆಳ್ಳಿ ಅಂದಮೇಲೆ ಪಸುಪು ಇರಬೇಕಲ್ಲವಾ?" ಎಂದು ಯಜಮಾನರು ಸಾಗಹಾಕಿದರು. ಮದುವೆಯೆಂದರೆ ಅರಿಶಿಣ ತಾನೆ ಎಂದು ಅವರ ವಾದ. ಕಡೆಗೆ ವಿಶಾಖಪಟ್ಟಣದ ಒಬ್ಬ ಸ್ಟುಡಿಯೋದವನು ಆಲ್ಬಮ್ಮುಗಳ ಗಂಟನ್ನೇ ಹೊತ್ತು ತಂದು ಅಂಗಡಿಯಲ್ಲಿ ಎತ್ತಿಹಾಕಿದ. "ಏಂಟಂಡೀ ಇದಿ? ಪೆಳ್ಳಿಕೂತುರಿಕಿ ಪಚ್ಚಕಾಮೆರ್ಲಾ?" ಎಂದು ಕೂಗಿದನಂತೆ. ಮದುಮಗಳಿಗೆ ಕಾಮಾಲೆಯೇ ಎಂದು. ಗವರ್ನರ್‌ಪೇಟೆಯ ಆ ಸಾಲಿನವರೆಲ್ಲ ಹೊರಬಂದು ನೋಡಿದರಂತೆ.

ಸ್ಟುಡಿಯೋದವರು ನಮಗೆ ಕೆಲಸ ಕೊಡುತ್ತಿದ್ದುದು ಅಣ್ಣನವರ ಹೆಸರು ನಂಬಿ. ನೇವಿಯವರು ನೋಡಿದ್ದಾರಾ ಎಂದು ಕೇಳಿ, ಹೌದೆಂದರೆ ಕಣ್ಣುಮುಚ್ಚಿ ಒಯ್ಯುತ್ತಿದ್ದರು. ಈಗ ಆ ಹೆಸರೇ ಕಟಕಟೆಯಲ್ಲಿ ನಿಂತಿತ್ತು.

ಆ ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅಣ್ಣ ಮಾಪಕದ ಪೀಠವನ್ನು ಎರಡೂ ಕೈಯಲ್ಲಿ ಹಿಡಿದು ಬಂದರು. ಮಾಪಕ ಹೊಸದಿದ್ದಾಗ ಅಳೆದಿದ್ದ ಒಂದು ಹಾಳೆಯನ್ನು ಅವರು ಬೆಳಕು ಬೀಳದಂತೆ ಟ್ರಂಕಿನಲ್ಲಿ ಇಟ್ಟಿದ್ದರು. ಅದನ್ನೇ ಈಗ ಅಳೆದರೆ ಅಂದಿನ ಅಳತೆಗೆ ತಾಳೆಯಿಲ್ಲ. ಕತ್ತಲಲ್ಲಿದ್ದ ಹಾಳೆ ಬದಲಾಗುವುದಿಲ್ಲ. ಬದಲಾಗಿರುವುದು ಅಳೆಯುವುದೇ. ಬಿಲ್ಲೆಯ ಪಕ್ಕಕ್ಕೆ ಹೊಸ ಬಿಳಿ ಕಾಗದ ಹಿಡಿದು, "ನೋಡವಾ, ಕೆನಿ ಬಣ್ಣ ಕಾಣ್ತೈತಿ. ಏನ ಹತ್ತೈತಿ ಇದಕ್ಕ?" ಎಂದರು.

ಸಾಬೂನಿನ ನೊರೆಯಿದ್ದ ಬೆರಳನ್ನು ಬಿಲ್ಲೆಯ ಅಂಚಿನ ಸಂದಿಗೆ ಒತ್ತಿ ಎಳೆದೆ. ಬೆರಳ ತುದಿ ಕೆಂಪಾಯಿತು. ಅರಿಶಿಣ ಸಾಬೂನಿಗೆ ಕೆಂಪಾಗುವುದು ಯಾವ ಹೆಂಗಸಿಗೆ ಗೊತ್ತಿಲ್ಲ?

ಪೂಜೆ ಮಾಡಿದವರು ಯಾರೆಂದು ಅವರು ಕೇಳಲಿಲ್ಲ. ನಾನೇ ಹೇಳಿದೆ. ಪೀಠವನ್ನು ಒಗೆಯುವ ಕಲ್ಲಿನ ಮೇಲಿಟ್ಟರು. "ಎರಡ ಸಲ ಅಳದೀನಿ ಅಂತ ಮೆರೀತಿದ್ನಿ ನೋಡು. ಸುಳ್ಳ ಕಲತವನ್ನ ಎರಡ ಸಲ ಕೇಳಿದ್ರ ಎರಡೂ ಸಲ ಅದ ಸುಳ್ಳ ಹೇಳ್ತಾನ. ಅದು ಸಾಕ್ಷಿ ಹೆಂಗಾತು?" ಎಂದರು.

ಸಂಜೆ ಮೂವರೂ ಲ್ಯಾಬಿನಲ್ಲಿ ಕೂತರು. ನಾನು ಕಾಫಿ ಕೊಟ್ಟು ಬಾಗಿಲಲ್ಲೇ ನಿಂತೆ.

"ಬಿಳಿ ಬಿಲ್ಲಿ ಹೊಲಸಾಗಿತ್ತು. ಅಳಿಯೂಕಿಂತ ಮೊದಲ ಅದನ್ನ ನೋಡೂದು ನನ್ನ ಕೆಲಸ. ನೋಡಲಿಲ್ಲ" ಎಂದರು ಅಣ್ಣ. ಹೇಗೆ ಹೊಲಸಾಯಿತೆಂದು ಬಾಯಿಬಿಡಲಿಲ್ಲ. ಯಜಮಾನರು ಕಾಫಿಯ ಲೋಟದೊಳಗೆ ನೋಡುತ್ತ ಕೂತರು.

"ಆಯುಧಪೂಜೆಗೆ ನೀವೇ ಹಚ್ಚಿದ ಅರಿಶಿಣ ಅದು" ಎಂದೆ.

ಯಜಮಾನರು ತಲೆಯೆತ್ತಿದರು. "ಅಮ್ಮವಾರಿಗೆ ಇಟ್ಟ ಅರಿಶಿಣದಿಂದ ಕೇಡಾಯಿತು ಅಂತೀಯಾ? ದಿನಾ ದೀಪ ಹಚ್ಚೋಳ ಬಾಯಲ್ಲಿ ಬರೋ ಮಾತೇನೇ ಇದು?"

"ವದಿನಾ, ನೀವು ಒಳಗೆ ಹೋಗಿ" ಎಂದ ಮೈದುನ. "ಅವರೇ ಒಪ್ಪಿಕೊಂಡರಲ್ಲ. ಕಣ್ಣಿಗೆ ವಯಸ್ಸಾಯಿತು ಅಂತ ಅವತ್ತೇ ಅಂದಿದ್ದರು."

"ಹೌದು, ನಾನೂ ಕೇಳಿದೆ" ಎಂದರು ಯಜಮಾನರು. ಅಣ್ಣ ಆ ಮಾತಾಡಿದ ದಿನ ಅವರು ಅಂಗಡಿಯಲ್ಲಿದ್ದರು. ಮನೆಯಲ್ಲಿರಲೇ ಇಲ್ಲ.

ಅಣ್ಣ ನನ್ನ ಕಡೆ ತಿರುಗಿ, "ಒಳಗ ಹೋಗು ತಂಗಿ, ಹಾಲ ಉಕ್ಕೀತು" ಎಂದರು. ಒಲೆಯ ಮೇಲೆ ಹಾಲಿರಲಿಲ್ಲ.

ಬಿಲ್ಲೆಯನ್ನು ಸ್ವಚ್ಛಮಾಡಿ, ಹಳೆಯ ಹಾಳೆಯೊಡನೆ ತಾಳೆ ನೋಡಿ, ಪ್ರೊಫೈಲುಗಳನ್ನೆಲ್ಲ ಹೊಸದಾಗಿ ಮಾಡಿಕೊಟ್ಟ ಮೇಲೆಯೇ ಅಣ್ಣ ಟ್ರಂಕು ಎತ್ತಿಕೊಂಡು ಕೆಲಸ ಬಿಟ್ಟು ಹೊರಟರು. ಲ್ಯಾಬ್ ಉಳಿಯಿತು, ಬೆಳೆಯಿತು. ಯಜಮಾನರೂ ಮೈದುನನೂ ಮಾತ್ರ ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದರು. ಒಳ್ಳೆಯವರು, ಪಾಪ, ಕಣ್ಣು ಹೋಯಿತು. ಇಬ್ಬರ ಮಾತೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ತಾಳೆಯಾಗುತ್ತಿತ್ತು, ಜನ ನಂಬಿದರು. ವಿಶಾಖಪಟ್ಟಣದ ಲ್ಯಾಬುಗಳಿಗೆ ಆ ಸುದ್ದಿ ಅಣ್ಣನಿಗಿಂತ ಮೊದಲೇ ಮುಟ್ಟಿತ್ತು. ಎಲ್ಲಿ ಹೋದರೂ ಕುರ್ಚಿ ಹಾಕಿ, ಟೀ ಕೊಟ್ಟು, ಕೆಲಸವಿಲ್ಲ ಎಂದು ಕೈಮುಗಿದು ಕಳಿಸಿದರು. ಪಿಂಚಣಿಯಿತ್ತು, ಊಟಕ್ಕೆ ಕೊರತೆಯಿರಲಿಲ್ಲ. ಅದನ್ನೂ ಒಂದು ಕರುಣೆಯೆಂದೇ ಎಣಿಸಬೇಕು.

ವಿಶಾಖಪಟ್ಟಣದ ಪಕ್ಕದ ಸಿಂಹಾಚಲಕ್ಕೆ ಹೋದಾಗ ಒಮ್ಮೆ, ಉಪ್ಪಿನಕಾಯಿ ಕಟ್ಟಿಕೊಂಡು, ಅವರ ಮನೆಗೆ ಹೋಗಿದ್ದೆ. ಬಾಗಿಲು ತೆರೆದವರನ್ನು ಗುರುತಿಸಲು ನನಗೆ ಒಂದು ಗಳಿಗೆ ಬೇಕಾಯಿತು. ದೊಡ್ಡ ದೊಡ್ಡ ಹೂವಿನ ಕಿತ್ತಳೆ ಅಂಗಿ ತೊಟ್ಟಿದ್ದರು. ನಾನು ನೋಡುವುದನ್ನು ನೋಡಿ, "ಇನ್ನ ಯಾವ ಬಣ್ಣಾ ಹಾಕ್ಕೊಂಡ್ರೇನವಾ" ಎಂದರು. ಉಳಿದ ಹೊತ್ತೆಲ್ಲ ನನ್ನ ಮಕ್ಕಳ ಓದು, ಜೋಳದ ಹಿಟ್ಟಿನ ರುಚಿ ಇಷ್ಟೇ ಮಾತು.

ಮಗಳ ಫೋನು ಬಂದ ಮೇಲೆ, ಮಧ್ಯಾಹ್ನ, ಅವರ ಹೆಂಡತಿಗೆ ನಾನೇ ಫೋನು ಮಾಡಿದೆ. ಅತ್ತು ಮುಗಿದ ಗಂಟಲು ಅವರದು. "ಅಕ್ಕಾ, ಮಂದಿ ಏನರೆ ಅನ್ನಲಿ, ಅಣ್ಣಾರ ಕಣ್ಣು ನೆಟ್ಟಗ ಇದ್ದುವು. ಅರಿಶಿಣ ಹಚ್ಚಿದ್ದು ನಮ್ಮನಿಯವರು" ಎಂದೆ.

"ಗೊತ್ತೈತಿ ತಂಗಿ. ಬಂದ ದಿನಾನ ಹೇಳಿದ್ರು."

"ಮತ್ತ ಯಾಕ ಸುಮ್ಮನಿದ್ರಿ? ಸ್ಟುಡಿಯೋದವರಿಗೆ ಒಂದ ಮಾತ ಹೇಳಿದ್ರ ಆಗ್ತಿತ್ತಲ್ಲ."

"ನಾನೂ ಅದಕ್ಕ ಜಗಳಾ ಆಡಿದೆ. 'ನನಗ ರೊಟ್ಟಿ ಹಾಕಿದಾಕಿ ಆ ಮನ್ಯಾಗ ಬಾಳೇ ಮಾಡಬೇಕು. ನಾ ಬಾಯಿ ಬಿಟ್ರ ಆಕೀನ ಹೇಳಿಕೊಟ್ಟಾಳ ಅಂತಾರ' ಅಂದ್ರು. ನನ್ನ ಕಡಿಂದಾನೂ ಆಣಿ ಹಾಕಿಸ್ಕೊಂಡ್ರು. ಇವತ್ತ ಅವರಿಲ್ಲ, ಹೇಳೀನಿ."

ನನ್ನ ಸಂಸಾರದಲ್ಲಿ ದೊಡ್ಡ ಜಗಳವಿಲ್ಲ, ಗಂಡ ಕೈಯೆತ್ತಿದವರಲ್ಲ, ಮನೆಯವರು ಎತ್ತಿ ಆಡಿದವರಲ್ಲ ಎಂದು ದೀಪ ಹಚ್ಚುವಾಗಲೆಲ್ಲ ದುರ್ಗಮ್ಮನಿಗೆ ಕೈಮುಗಿಯುತ್ತ ಬಂದವಳು ನಾನು. ಆ ನೆಮ್ಮದಿಗೆ ಒಬ್ಬ ಮನುಷ್ಯ ತನ್ನ ಹೆಸರನ್ನೇ ತೆತ್ತಿದ್ದ. ಮುಗಿದ ಕೈ ಯಾರಿಗೆ ಸಲ್ಲಬೇಕಿತ್ತೋ ಅವರಿಗೆ ನಾನು ಉಪ್ಪಿನಕಾಯಿ ಕಟ್ಟಿಕೊಟ್ಟು ಬಂದಿದ್ದೆ, ಅಷ್ಟೆ.

ಸಂಜೆ ಯಜಮಾನರು ಬಂದರು, ಫೋನಿನಲ್ಲಿ ಯಾರೊಡನೆಯೋ ಮಾತಾಡುತ್ತಲೇ. "ಪಾಪಂ, ಮಂಚಿ ಮನಿಷಿ. ಚಿವರ್ಲೋ ಕಂಟಿಚೂಪೇ ಪೋಯಿಂದಿ." ಒಳ್ಳೆಯ ಮನುಷ್ಯ, ಕಡೆಕಡೆಗೆ ದೃಷ್ಟಿಯೇ ಹೋಗಿತ್ತು ಎಂದು.

ಫೋನು ಇಟ್ಟ ಮೇಲೆ ಅಕ್ಕ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಕೂತುಬಿಟ್ಟರು. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. "ಹೋದವರಿಗೆ ಈಗ ಕಣ್ಣಿದ್ದರೇನು, ಇಲ್ಲದಿದ್ದರೇನು" ಎಂದರು. "ನಾಳೆ ಹಾರ ಕಳಿಸೋಣ. ದೊಡ್ಡದೇ ಕಳಿಸೋಣ."

"ಹಾರ ಬೇಡ. ಈಗ ಮಾತಾಡಿದಿರಲ್ಲ, ಅವರಿಗೆ ಮತ್ತೆ ಫೋನು ಮಾಡಿ ನಡೆದದ್ದು ಹೇಳಿ."

"ಈಗಲೇನಾ?"

"ಈಗಲೇ."

ಅವರು ಫೋನನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತರು. ನಾನು ಎದುರಿಗೇ ನಿಂತಿದ್ದೆ. ತಿರುಗಿಸುತ್ತಲೇ ಇದ್ದರು, ನಂಬರು ಒತ್ತಲಿಲ್ಲ. ಇಡ್ಲಿಗೆ ನೆನೆಹಾಕಿದ ಉದ್ದು ಬೆಳಿಗ್ಗೆಯಿಂದ ನೀರಿನಲ್ಲಿತ್ತು. ಒಳಗೆ ಹೋಗಿ, ನೀರು ಬಸಿದು, ಗ್ರೈಂಡರಿಗೆ ಹಾಕಿದೆ.