ಅವ್ವನಿಗಿಟ್ಟ ಎಡೆ

ನನ್ನ ಅವ್ವ ದೆವ್ವವಾಗಿದ್ದಾಳೆಂದು ನನಗೆ ಗೊತ್ತಾಗಿದ್ದು ಒಂದು ಶನಿವಾರ ಸಂಜೆ, ದಾವಣಗೆರೆಯ ಹಳೇಪೇಟೆಯಲ್ಲಿ. ಅದೇ ಹೊತ್ತಿಗೆ ಅವ್ವ ಹರಿಹರದ ನಮ್ಮ ಮನೆಯಲ್ಲಿ ಕುಕ್ಕರ್ ಇಟ್ಟು ಟಿ.ವಿ. ನೋಡುತ್ತ ಕೂತಿದ್ದಳು.

ಹಳೇಪೇಟೆಯಲ್ಲಿ ಭೂತದ ನಡಿಗೆ ಶುರುವಾಗಿದೆ, ಹಳೆಯ ಮನೆಗಳ ಮುಂದೆ ನಿಲ್ಲಿಸಿ ದೆವ್ವದ ಕತೆ ಹೇಳುತ್ತಾರೆ ಎಂದು ಆಫೀಸಿನ ಗೆಳತಿ ಎಳೆದುಕೊಂಡು ಹೋಗಿದ್ದಳು. ಎಂ.ಸಿ.ಸಿ. ಬಡಾವಣೆಯ ಹತ್ತು ಹನ್ನೆರಡು ಜನ, ಎಲ್ಲರ ಕೈಯಲ್ಲೂ ಮೊಬೈಲು. ಗೈಡ್ ಇಪ್ಪತ್ತೈದರ ಆಸುಪಾಸಿನವನು. ಕರಿ ಜುಬ್ಬ, ಕೈಯಲ್ಲೊಂದು ಲಾಟೀನು. ಮೂರನೆಯ ಮನೆಯ ಮುಂದೆ ನಿಂತು, "ಇದು ನಮ್ದೇ ಮನಿ ರೀ," ಎಂದ. ಅವ್ವ ಮೊದಲ ಸಲ ಮದುವೆಯಾಗಿ ಬಂದಿದ್ದ ಹತ್ತಿ ವ್ಯಾಪಾರಿಯ ಮನೆ ಅದು; ಅದನ್ನು ಅವಳು ನನಗೆ ಒಂದೇ ಒಂದು ಸಲ, ದೂರದಿಂದ ತೋರಿಸಿದ್ದಳು.

"ನಮ್ಮಜ್ಜನ ಅತ್ತಿಗೆ. ಗಂಡ ಹೋದ ಮ್ಯಾಲೆ ತಲಿ ಕೆಟ್ಟು ಹಿತ್ತಲ ಬಾವಿಗೆ ಹಾರಿದ್ರು. ನಮ್ಮಜ್ಜ ಕಣ್ಣಾರೆ ನೋಡ್ಯಾರ. ಹೋಳಿಗಿ ಅಂದ್ರ ಅವ್ರಿಗೆ ಪ್ರಾಣ. ವರ್ಷಾ ಪಕ್ಷದಾಗ ಎಡೆ ಇಟ್ಟು ಬಾಗ್ಲು ಹಾಕ್ತೀವಿ. ತೆಗೆದ್ರ ಹೋಳಿಗಿ ಕಚ್ಚಿದ್ದಿರ್ತೈತೆ!"

ಗುಂಪು ಹೋ ಎಂದಿತು. ನನಗೆ ಆ ಲಾಟೀನನ್ನು ಅವನ ತಲೆಯ ಮೇಲೆ ಕುಕ್ಕಬೇಕೆನಿಸಿತು.

ಅವ್ವ ಇಪ್ಪತ್ತೆರಡಕ್ಕೆ ಗಂಡನನ್ನು ಕಳೆದುಕೊಂಡವಳು. ಎರಡು ವರ್ಷ ಆ ಮನೆಯ ಮುಸುರೆ ತಿಕ್ಕಿ, ಒಂದು ದಿನ ಹಾಡಹಗಲೇ ಕೈಚೀಲ ಹಿಡಿದು ಹೊರಟು, ಹರಿಹರದಲ್ಲಿ ಲೇತ್ ಕೆಲಸ ಮಾಡುತ್ತಿದ್ದ ನನ್ನ ಅಪ್ಪನನ್ನು ಮದುವೆಯಾದಳು. ಅವಳು ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದವನು ಮೈದುನ, ಈ ಗೈಡ್‌ನ ಅಜ್ಜ. ಮನೆಯ ಮಾನ ಉಳಿಸಲು ಬಾವಿಯ ಕತೆ ಕಟ್ಟಿದವನೂ ಅವನೇ. ಬದುಕಿದ್ದವಳ ತಿಥಿ ಮಾಡಿ ಓಣಿಗೆಲ್ಲ ಊಟ ಹಾಕಿದ. ನಿಜ ಗೊತ್ತಿದ್ದವರು ಉಂಡು ಕೈ ತೊಳೆದುಕೊಂಡರು. ತವರಿನವರೂ ಅದನ್ನೇ ನಂಬಿದಂತೆ ನಡೆದುಕೊಂಡರು. ನನ್ನ ಅಜ್ಜಿ ಸತ್ತಾಗ ಅವ್ವನಿಗೆ ಯಾರೂ ಹೇಳಿ ಕಳಿಸಲಿಲ್ಲ. ಸತ್ತವಳಿಗೆ ಯಾರು ಹೇಳಿ ಕಳಿಸುತ್ತಾರೆ? ಇದನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಕೊನೆಗೆ ಗೈಡ್, ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಅಜ್ಜ ಎಡೆ ಇಡುವುದನ್ನು ನೋಡಲು ಬರಬಹುದು, ಮೊದಲೇ ಹೆಸರು ಬರೆಸಿ ಎಂದ. ನಾನು ಇಬ್ಬರ ಲೆಕ್ಕದಲ್ಲಿ ಬರೆಸಿದೆ. ಆ ಮುದುಕ ಹತ್ತು ಜನರ ಮುಂದೆ, ತನ್ನ ಬಾಯಿಂದಲೇ, ನನ್ನ ಅವ್ವ ಬದುಕಿದ್ದಾಳೆಂದು ಹೇಳಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಅವ್ವ ಬೈಯುತ್ತಾಳೆಂದುಕೊಂಡಿದ್ದೆ. ಎಲ್ಲ ಕೇಳಿ, "ಹೋಳಿಗಿ ಇಡ್ತಾರಂತಾ?" ಎಂದಳು.

"ಹ್ಞೂಂ ಅವ್ವಾ."

"ನಡಿ, ಹೋಗಾಣ."

ಬಸ್ಸಿನಲ್ಲಿ ಅವ್ವ ಮಾತಾಡಿದ್ದು ಆ ಮನೆಯ ಬಾಗಿಲುಗಳ ಬಗ್ಗೆ ಮಾತ್ರ. ಎಡೆ ಇಡುವ ಕೋಣೆಗೆ ಹಿತ್ತಲಿನಿಂದಲೂ ಒಂದು ಬಾಗಿಲಿದೆ, ಅದನ್ನು ಸ್ವಲ್ಪ ಎತ್ತಿ ನೂಕಿದರೆ ಒಳಗಿನ ಚಿಲಕ ತಾನೇ ಬೀಳುತ್ತದೆ, ಐವತ್ತು ವರ್ಷವಾದರೂ ಅದನ್ನು ರಿಪೇರಿ ಮಾಡಿಸುವ ಪೈಕಿ ಅಲ್ಲ ಅವರು ಎಂದಳು.

ಪಡಸಾಲೆಯಲ್ಲಿ ನಮ್ಮನ್ನೆಲ್ಲ ಚಾಪೆ ಹಾಸಿ ಕೂರಿಸಿದರು. ಅವ್ವ ಸೆರಗು ಎಳೆದುಕೊಂಡು ಹಿಂದೆ ಕೂತಿದ್ದಳು. ಮುದುಕ ನಮ್ಮ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಎಲೆ ತುಂಬ ಬಡಿಸಿ, ಪಕ್ಕದಲ್ಲಿ ಹೊಸ ಸೀರೆ ಇಟ್ಟು, ಧೂಪ ಹಾಕಿ, ಬಾಗಿಲು ಎಳೆದುಕೊಂಡು ಹೊರಗೆ ಕೂತ. ಹಿರಿಯರು ಬಂದು ಉಂಡು ಹೋಗುವ ತನಕ ಯಾರೂ ಒಳಗೆ ಕಾಲಿಡುವಂತಿಲ್ಲ. ಅವ್ವ ಕಾಲು ತೊಳೆಯುವ ನೆಪ ಹೇಳಿ ಹಿತ್ತಲಿಗೆ ಹೋದಳು. ಗೈಡ್ ಪಿಸುದನಿಯಲ್ಲಿ, "ಈಗ ಬಂದಿರ್ತಾರ ನೋಡ್ರಿ," ಎಂದ. ಬಂದಿರುತ್ತಾಳೆ ಮಗನೇ ಎಂದುಕೊಂಡೆ.

ಅರ್ಧ ಗಂಟೆಯಾದ ಮೇಲೆ ಮುದುಕ ಕೆಮ್ಮಿ, ಮೂರು ಸಲ ಬಾಗಿಲು ತಟ್ಟಿ ತೆಗೆದ.

ಅವ್ವ ಮಣೆಯ ಮೇಲೆ ಕೂತು ಬೆರಳಿನಿಂದ ಪಾಯಸ ಬಳಿದು ತಿನ್ನುತ್ತಿದ್ದಳು. ಎಲೆ ಖಾಲಿಯಾಗಿತ್ತು. ತುದಿಯಲ್ಲಿ ಎರಡು ಹೋಳಿಗೆ ಮಾತ್ರ ಬಡಿಸಿದಂತೆಯೇ ಇದ್ದವು.

ಯಾರೋ ಕಿರುಚಿದರು. ಗೈಡ್ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ಮುದುಕನ ಕೈಯಲ್ಲಿದ್ದ ತಂಬಿಗೆ ಓರೆಯಾಗಿ ನೀರೆಲ್ಲ ಅವನ ಪಾದದ ಮೇಲೆಯೇ ಸುರಿಯಿತು.

"ಅತ್ತಿಗೇ..." ಎಂದ.

ಅದೊಂದು ಮಾತು ಸಾಕಾಗಿತ್ತು ನನಗೆ. ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ಇವಳು ನನ್ನ ಅವ್ವ. ಹರಿಹರದಲ್ಲಿದ್ದಾಳೆ," ಎಂದೆ. ಮೊಬೈಲುಗಳೆಲ್ಲ ಒಟ್ಟಿಗೆ ಮೇಲೆದ್ದವು. ಮುದುಕ ಮುಖ ಮುಚ್ಚಿಕೊಂಡ. ಅಯ್ಯೋ ಅನಿಸಲಿಲ್ಲ ನನಗೆ, ಹೊಟ್ಟೆ ತಣ್ಣಗಾಯಿತು.

ಅವ್ವ ಎದ್ದಳು. ಎಡೆಗಿಟ್ಟ ಸೀರೆಯನ್ನು ಕಂಕುಳಲ್ಲಿ ಅವುಚಿಕೊಂಡು ಅವನೆದುರು ನಿಂತಳು.

"ಹೋಳಿಗಿ ನಂಗೆ ಎಂದೂ ಸೇರ್ತಿರಲಿಲ್ಲ. ಅದು ನಿಂಗೆ ಸೇರ್ತಿತ್ತು," ಎಂದಳು. "ಐವತ್ತು ವರ್ಷ ನನ್ನ ಹೆಸರು ಹೇಳಿ ನೀನೇ ತಿಂದಿ."

ನಾವು ಹೊಸ್ತಿಲು ದಾಟಿದಾಗ ಗೈಡ್ ಹಿಂದೆಯೇ ಓಡಿ ಬಂದ. "ಶನಿವಾರ ಜನ ಬರ್ತಾರ ರೀ. ಈ ಮನಿ ಮುಂದ ನಾನೇನು ಹೇಳ್ಲಿ?"

"ಬಾವಿಗೆ ಅವಳು ಹಾರಲಿಲ್ಲ, ನಮ್ಮಜ್ಜನೇ ಬರೀ ಬಾಯಿಮಾತಿನಲ್ಲಿ ನೂಕಿದ ಅಂತ ಹೇಳು," ಎಂದೆ. "ಹೇಳದಿದ್ರ ನಾವೇ ಬಂದು ಹೇಳ್ತೀವಿ. ವಾರಾ ವಾರಾ ಬರ್ತೀವಿ."