ಬಿಳಿಕೆರೆಯಲ್ಲಿ ಇಳಿದ ಗುರುವಾರ

ಮಕ್ಕಳನ್ನು ಬೆಳೆಸುವುದೂ ಸಾಹಿತ್ಯ ರಚಿಸುವುದೂ ಒಂದೇ ಬಗೆಯ ತಪಸ್ಸು ಎಂದು ಬಲ್ಲವರು ಹೇಳುತ್ತಾರೆ. ಹಾಗೆ ಹೇಳಿದ ಬಲ್ಲವರ ಮಕ್ಕಳನ್ನು ಬಹುಮಟ್ಟಿಗೆ ಅವರ ಹೆಂಡತಿಯರು ಬೆಳೆಸಿದ್ದರು. ನಾನು ಎರಡನ್ನೂ ಒಟ್ಟಿಗೆ ಮಾಡಿದೆ — ಮಾಡಿದೆ ಎಂದು ಬರೆದುಕೊಂಡೆ — ಮತ್ತು ಆ ದಿನಗಳಲ್ಲಿ ಒಂದು ಸುಳ್ಳು ಹೇಳಿದೆ. ಮಗಳ ಕಿವಿಯನ್ನು ಡಾಕ್ಟರಿಗೆ ತೋರಿಸದೆ, ತೋರಿಸಿದೆ ಎಂದು ಹೆಂಡತಿಗೆ ಹೇಳಿದೆ. ಇಷ್ಟೇ ವಿಷಯ. ಮುಂದಿನದೆಲ್ಲ ವಿವರ. ಆದರೆ ಇಷ್ಟು ವರ್ಷ ನನ್ನನ್ನು ತಿಂದದ್ದು ಆ ವಿವರವೇ.

ಆಗ ನಾನು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಲ್ಲಿದ್ದ ಒಂದು ಸಣ್ಣ ಕಂಪನಿಯಲ್ಲಿ ಗುಮಾಸ್ತ. ಮಕ್ಕಳಿಗೆ ತಿನ್ನಿಸುವ ರಾಗಿ ಸರಿಯ ಹಿಟ್ಟು ಮಾಡಿ, ಪೊಟ್ಟಣ ಕಟ್ಟಿ ಮಾರುವ ಕಂಪನಿ. ಯಜಮಾನರು ನಂಜೇಗೌಡರು, ರಾಗಿಯ ಮೊಳಕೆ ನೋಡಿ ಹವಾಮಾನ ಹೇಳುವಂಥವರು. ಎರಡು ಸಾವಿರದ ಏಳರ ಸುಮಾರಿಗೆ ಒಂದು ದಿನ ಮೈಸೂರಿನಿಂದ ಬಂದವರೇ ನನ್ನನ್ನು ಕರೆದರು.

"ಅದೇನೋ ಬ್ಲಾಗು ಅಂತೆ ಕಣ್ರೀ. ಕಂಪ್ನಿಯವರೆಲ್ಲ ಮಡಗವ್ರಂತೆ. ನಾವೂ ಒಂದು ಮಡಗಾನ."

"ಅದರಲ್ಲಿ ಏನು ಬರೀಬೇಕು ಸಾರ್?"

"ನೀವು ಕತೆ ಬರ್ದೋರಲ್ವೇನ್ರೀ? ಮಗೀಗೆ ಸರಿ ತಿನ್ಸೋ ಅಪ್ಪ ಒಬ್ಬ ಇರ್ಲಿ. ಅವ್ನು ವಾರಕ್ಕೊಂದ್ಸಲ ಮಾತಾಡ್ಲಿ. ಹಿಟ್ಟು ಮಾತ್ರ ನಮ್ದೇ ಆಗಿರ್ಬೇಕು."

ಅಚ್ಚಾಗಿದ್ದ ನನ್ನ ಎರಡು ಕತೆಗಳು ಕೊನೆಗೂ ಉಪಯೋಗಕ್ಕೆ ಬಂದದ್ದು ಹೀಗೆ. ಆಫೀಸಿನ ಕಂಪ್ಯೂಟರು ಬಿಲ್ಲಿಗೆ ಬೇಕಾಗಿದ್ದರಿಂದ, ಒಂದು ಹಳೆಯದನ್ನು ನನ್ನ ಮನೆಗೇ ಕಳಿಸಿದರು. ಮಧ್ಯಾಹ್ನದ ಮೇಲೆ ಮನೆಯಲ್ಲಿ ಕೂತು ಬರೆಯಬಹುದು. ಹೆಂಡತಿ ಸುಮಿತ್ರಾ ಎಚ್.ಡಿ. ಕೋಟೆಯ ಕಡೆ ಒಂದು ಹಳ್ಳಿಯಲ್ಲಿ ಸ್ಕೂಲು ಮೇಡಂ. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಮನೆಯಲ್ಲಿ ನನ್ನವ್ವ, ನಾನು, ಮೂರೂವರೆ ವರ್ಷದ ಮಗಳು.

ಮಗಳ ಹೆಸರು ಸಹನಾ. ಹೆಸರಿಟ್ಟವನು ನಾನೇ, ಅರ್ಥ ನೋಡಿ. ಉಚ್ಚಾರಣೆ ನೋಡಲಿಲ್ಲ. ನಮ್ಮ ಕಡೆ 'ಹ' ನಿಲ್ಲುವುದಿಲ್ಲ — ಹಾಲು ಆಲು, ಹಳ್ಳಿ ಅಳ್ಳಿ, ನಮ್ಮ ಊರೇ ಉಣ್ಸೂರು. ಅವ್ವ ಮೊಮ್ಮಗಳನ್ನು 'ಸಾನಾ' ಎಂದು ಕರೆಯುತ್ತಿದ್ದಳು. ಮಗಳು ತನ್ನನ್ನು ತಾನು 'ಆನಾ' ಎಂದುಕೊಳ್ಳುತ್ತಿದ್ದಳು. ಸರಿಗೆ 'ಅಯಿ'. ಬಸ್ಸಿಗೆ 'ಬಉ‌'. ಒಟ್ಟು ಅವಳು ಆಡುತ್ತಿದ್ದ ಮಾತು ಎರಡು ಕೈಯ ಬೆರಳಲ್ಲಿ ಎಣಿಸುವಷ್ಟು.

ಬ್ಲಾಗಿನಲ್ಲಿ ನಾನು ಅವಳಿಗೆ 'ಪುಟ್ಟಿ' ಎಂದು ಹೆಸರಿಟ್ಟೆ. ಪುಟ್ಟಿ ಅರಳು ಹುರಿದಂತೆ ಮಾತಾಡುತ್ತಿದ್ದಳು. ಚಂದ್ರನಿಗೂ ಸರಿ ತಿನ್ನಿಸಬೇಕು ಎನ್ನುತ್ತಿದ್ದಳು. ಕಾಗೆಗೆ ಬುದ್ಧಿ ಹೇಳುತ್ತಿದ್ದಳು. ಓದುಗರು ಬಂದರು. ಪಿರಿಯಾಪಟ್ಟಣದ ಒಬ್ಬ ತಾಯಿ ಪ್ರತಿವಾರ "ಪುಟ್ಟಿ ಈ ವಾರ ಏನಂದ್ಲು?" ಎಂದು ಕೇಳುತ್ತಿದ್ದಳು. ದುಬೈಯಿಂದ ಒಬ್ಬರು ತಮ್ಮ ಕಣ್ಣಲ್ಲಿ ನೀರು ಬಂತು ಎಂದು ಬರೆದರು. ಎರಡು ಕತೆಯ ಲೇಖಕನಿಗೆ ದುಬೈಯಲ್ಲಿ ಕಣ್ಣೀರು — ನಾನು ಒಂದೆರಡು ಅಂಗುಲ ಎತ್ತರವಾದೆ.

ಸುಮಿತ್ರಾ ಅದನ್ನು ಒಂದು ಸಲವೂ ಓದಲಿಲ್ಲ. ಕೇಳಿದರೆ, "ಮನೇಲಿರೋ ಮಗೂನ ನೋಡೋಕೇ ಹೊತ್ತಿಲ್ಲ, ಇನ್ನು ಕಂಪ್ಯೂಟರಲ್ಲಿರೋದನ್ನ ಯಾವಾಗ ನೋಡ್ಲಿ?" ಎಂದಳು. ನನಗೆ ಸಿಟ್ಟು ಬಂತು. ಈಗ ಯೋಚಿಸಿದರೆ, ಆ ಬ್ಲಾಗಿನ ಬಗ್ಗೆ ಬಂದ ಸರಿಯಾದ ವಿಮರ್ಶೆ ಅದೊಂದೇ.

ಸೃಜನಶೀಲ ಕೆಲಸವನ್ನೂ ತಂದೆತನವನ್ನೂ ತೂಗಿಸುವುದು ಹೇಗೆ ಎಂದು ಒಂದು ವಾರ ಉಪದೇಶವನ್ನೇ ಬರೆದೆ. ಮಗುವಿಗೆ ಮೌನದ ರುಚಿ ಹತ್ತಿಸಿ; ನಾನು ಬರೆಯುತ್ತಿದ್ದರೆ ನನ್ನ ಮಗಳು ಬೆನ್ನು ತಿರುಗಿಸಿ ಕೂತು ಡಬ್ಬಿಯ ಮುಚ್ಚಳ ಜೋಡಿಸುತ್ತಾಳೆ, ಕರೆದರೂ ತಿರುಗುವುದಿಲ್ಲ, ಅಷ್ಟು ತಲ್ಲೀನತೆ — ಎಂದೆಲ್ಲ. ಕರೆದರೂ ತಿರುಗುವುದಿಲ್ಲ. ನನ್ನ ಕೈಯಾರೆ ಬರೆದೆ. ಬರೆದು, ಕಾಗುಣಿತ ನೋಡಿ, ಹಾಕಿದೆ.

ಲಾರಿ ಹೋದರೆ ತಿರುಗುತ್ತಿದ್ದಳು, ಗುಡುಗಿಗೆ ಬೆಚ್ಚುತ್ತಿದ್ದಳು. ಹಾಗಾಗಿ ಕಿವಿಯ ಯೋಚನೆ — ಇಲ್ಲ, ಬರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಅವ್ವ ಹೇಳಿದ್ದಳು.

"ಮಗೀನ ಕೂಗುದ್ರೆ ತಿರುಗಲ್ಲ ಕಣ್ಲಾ. ಮಾತೂ ಬತ್ತಾ ಇಲ್ಲ."

"ಅವಳು ನಮ್ಮ ಊರ ಮಾತು ಆಡ್ತಾಳೆ ಕಣವ್ವ. ನೀನು ಹಾಲನ್ನ ಆಲು ಅನ್ನಲ್ವ?"

ಅವ್ವ ಮೊರದಲ್ಲಿದ್ದ ರಾಗಿಯನ್ನು ಒಂದು ಸಲ ಕೇರಿದಳು. "ಅಕಾರ ನಾವು ಬುಡ್ತೀವಿ ಕಣ್ಲಾ, ಅದು ಅಟ್ಟಿ ರೂಢಿ. ಸಕಾರ ಯಾರ್ಲಾ ಬುಟ್ಟೋರು? ನಾ ಸಾನಾ ಅಂತೀನಿ. ಅದು ಆನಾ ಅಂತದೆ."

ಮೂರನೇ ಕ್ಲಾಸು ಓದಿದವಳು. ಅವಳು 'ಅಕಾರ' ಎಂದದ್ದು ಹಕಾರಕ್ಕೆ. ಅದನ್ನು ಹೇಳುವಾಗಲೂ ಅದನ್ನು ಬಿಟ್ಟೇ ಹೇಳಿದಳು. ಇಡೀ ತಾಲ್ಲೂಕಿನ ಭಾಷಾಶಾಸ್ತ್ರವನ್ನೂ ನನ್ನ ಮಗಳ ಕಾಯಿಲೆಯನ್ನೂ ಒಂದೇ ಮಾತಿನಲ್ಲಿ ನನ್ನ ಮುಂದಿಟ್ಟಳು. ನನಗೆ ಕೇಳಿಸಿದ್ದು ಒಂದು ಒಳ್ಳೆಯ ಸಾಲು ಮಾತ್ರ. ಎದ್ದು ಹೋಗಿ ಬರೆದಿಟ್ಟುಕೊಂಡೆ.

'ಹ ಇಲ್ಲದ ಊರು' ಎಂಬ ಬರಹ ಹುಟ್ಟಿದ್ದು ಹಾಗೆ. ಅದರ ಮೊದಲ ಪ್ಯಾರಾ ಕೇಳಿಯೇ ನಂಜೇಗೌಡರು ತೊಡೆ ತಟ್ಟಿ ನಕ್ಕರು. ಬ್ಲಾಗಿಗೆ ಮಾತ್ರ ಸಾಲದು, ಹೊಸ ಪೊಟ್ಟಣದ ಹಿಂಬದಿಯಲ್ಲೂ ಅಚ್ಚು ಹಾಕಿಸಾನ, ಶುಕ್ರವಾರದೊಳಗೆ ಮುಗಿಸಿ ಕೊಡಿ ಎಂದರು. ಪುಸ್ತಕ ಅಚ್ಚಾಗದವನಿಗೆ ಪೊಟ್ಟಣವೂ ಪುಸ್ತಕವೇ.

ಅದೇ ವಾರ ಮಗಳು ಹೋಗುತ್ತಿದ್ದ ಅಂಗನವಾಡಿಯ ಟೀಚರು ನೋಟ್‌ಬುಕ್ಕಿನ ಹಾಳೆ ಹರಿದು ಒಂದು ಚೀಟಿ ಬರೆದು ಕೊಟ್ಟರು. "ಮಗುವಿನ ಕಿವಿ ಡಾಕ್ಟರಿಗೆ ತೋರಿಸಿ. ಹಿಂದಿನಿಂದ ಕರೆದರೆ ಗೊತ್ತಾಗುವುದಿಲ್ಲ." ನಾನು ಅದನ್ನು ಮಡಿಸಿ ನಿಘಂಟಿನೊಳಗೆ ಇಟ್ಟೆ. ಯಾವ ಅಕ್ಷರದ ಪುಟ ಎಂದು ಕೇಳಬೇಡಿ, ಸಿಕ್ಕ ಪುಟ. ಆದರೆ ಅವ್ವ ಸುಮಿತ್ರೆಯ ಕಿವಿಗೆ ಹಾಕಿದ್ದಳು. ಸುಮಿತ್ರೆಗೆ ಆಗ ಪರೀಕ್ಷೆಯ ಕೆಲಸ, ರಜೆ ಸಿಗುವಂತಿರಲಿಲ್ಲ. "ಗುರುವಾರ ನೀವೇ ಮೈಸೂರಿಗೆ ಕರ್ಕೊಂಡೋಗಿ ತೋರಿಸ್ಕೊಂಡು ಬನ್ನಿ. ಮರೀಬೇಡಿ" ಎಂದಳು. ಆಗಲಿ ಎಂದೆ.

ಗುರುವಾರ ಮೈಸೂರು ಬಸ್ಸು ಹತ್ತಿದೆವು. ಮಗಳು ಕಿಟಕಿಯ ಪಕ್ಕ. ನನ್ನ ಜೇಬಿನಲ್ಲಿ ಮುಗಿಯದ ಬರಹ. ಅರ್ಧ ದಾರಿಯಲ್ಲಿ, ಬಿಳಿಕೆರೆ ಹತ್ತಿರ ಬರುವಾಗ, ಅದರ ಕೊನೆಯ ಪ್ಯಾರಾ ತಲೆಯೊಳಗೆ ತಾನಾಗಿ ಬಂದು ನಿಂತಿತು — ಬರೆಯುವವರಿಗೆ ಗೊತ್ತು, ಅದು ಬಂದಾಗ ಹಿಡಿಯಬೇಕು, ಇಲ್ಲದಿದ್ದರೆ… ಇಲ್ಲದಿದ್ದರೆ ಏನಾಗುತ್ತಿತ್ತು? ಒಂದು ಪೊಟ್ಟಣದ ಹಿಂಬದಿ ಖಾಲಿ ಉಳಿಯುತ್ತಿತ್ತು.

ಬಿಳಿಕೆರೆಯಲ್ಲಿ ಇಳಿದುಬಿಟ್ಟೆ. ಅರ್ಧ ಗಂಟೆ ಬರೆದು ಮುಂದಿನ ಬಸ್ಸು ಹಿಡಿದರಾಯಿತು ಎಂದುಕೊಂಡೆ. ಕೆರೆಯ ಏರಿಯ ಹತ್ತಿರ ಹುಣಸೇಮರದ ಕೆಳಗೆ ಕೂತೆ. ಮಗಳು ಬಿದ್ದ ಹಣ್ಣು ಬಿಡಿಸಿ ಬೀಜ ಸಾಲಾಗಿ ಜೋಡಿಸಿದಳು. ಮೂರು ಗಂಟೆ ಹೋಯಿತು. ಆಸ್ಪತ್ರೆಯಲ್ಲಿ ಚೀಟಿ ಕೊಡುವ ಹೊತ್ತು ಮುಗಿಯಿತು. ಇಬ್ಬರೂ ಇಡ್ಲಿ ತಿಂದು ಹುಣಸೂರಿನ ಬಸ್ಸು ಹತ್ತಿದೆವು. ಬರಹ ಚೆನ್ನಾಗಿ ಬಂದಿತ್ತು. ಇದನ್ನು ಹೇಳದೆ ಬಿಟ್ಟರೆ ತಪ್ಪೊಪ್ಪಿಗೆ ಅರ್ಧವಾಗುತ್ತದೆ: ದಾರಿಯುದ್ದಕ್ಕೂ ನಾನು ಸಂತೋಷವಾಗಿದ್ದೆ.

ದೀಪ ಹಚ್ಚುವ ಹೊತ್ತಿಗೆ ಸುಮಿತ್ರಾ ಬಂದಳು. ಚಪ್ಪಲಿ ಬಿಡುವ ಮೊದಲೇ, "ತೋರಿಸುದ್ರಾ? ಏನಂದ್ರು?"

ಮುಂದಿನ ವಾರ ಹೋಗೋಣ ಎನ್ನಬಹುದಿತ್ತು. ಒಂದು ಜಗಳವಾಗಿ ಮುಗಿಯುತ್ತಿತ್ತು. ನಾನು, "ತೋರಿಸ್ದೆ. ಎಲ್ಲ ಸರಿ ಇದೆಯಂತೆ. ಕೆಲವು ಮಕ್ಕಳು ತಡವಾಗಿ ಮಾತಾಡ್ತವಂತೆ" ಎಂದೆ.

ಮಗಳು ಅಮ್ಮನ ಮುಂದೆ ಮುಷ್ಟಿ ಬಿಚ್ಚಿದಳು.

"ಆಸ್ಪತ್ರೇಲಿ ಹುಣಸೇಬೀಜ ಎಲ್ಲಿ ಸಿಕ್ತು?"

"ಹೊರಗೆ ಮರ ಇತ್ತು."

ನನ್ನ ಸುಳ್ಳಿಗೆ ಇದ್ದ ಒಬ್ಬಳೇ ಸಾಕ್ಷಿಗೆ ಹೇಳಲು ಮಾತಿರಲಿಲ್ಲ.

ಮುಂದಿನ ವಾರ ಗುಟ್ಟಾಗಿ ಕರೆದುಕೊಂಡು ಹೋಗೋಣ ಎಂದುಕೊಂಡೆ. ಅದರ ಮುಂದಿನ ವಾರವೂ ಹಾಗೆಯೇ ಅಂದುಕೊಂಡೆ. ಆಮೇಲೆ ವಿಚಿತ್ರವಾದ ಒಂದು ಸಂಗತಿ ನಡೆಯಿತು — ನನಗೇ ನನ್ನ ಮಾತಿನಲ್ಲಿ ನಂಬಿಕೆ ಬಂತು. ಡಾಕ್ಟರೇ ಹೇಳಿದ ಮೇಲೆ ಇನ್ನೇನು ಎಂದು ಮನಸ್ಸು ಹೇಳತೊಡಗಿತು. ಯಾವ ಡಾಕ್ಟರು? ಕೇಳಿಕೊಳ್ಳಲಿಲ್ಲ.

ಒಂದೂವರೆ ವರ್ಷದ ಮೇಲೆ, ಮಗಳು ಸ್ಕೂಲಿನಲ್ಲಿ ತನ್ನ ಹೆಸರು ಹೇಳಲಾರದೆ ಅಳುತ್ತಾ ಬಂದಾಗ, ಸುಮಿತ್ರಾ ರಜೆ ಹಾಕಿ ನಮ್ಮಿಬ್ಬರನ್ನೂ ಮೈಸೂರಿಗೆ ಹೊರಡಿಸಿದಳು. ಪರೀಕ್ಷೆ ಮಾಡಿದ ಡಾಕ್ಟರು ಹೆಂಗಸು, ನಿಧಾನವಾಗಿ ಬಿಡಿಸಿ ಹೇಳಿದರು. ಎರಡು ಕಿವಿಯಲ್ಲೂ ಒಂದೇ ತೊಂದರೆ. ದಪ್ಪ ಸದ್ದು ಕೇಳುತ್ತದೆ, ತೆಳು ಸದ್ದು ಕೇಳುವುದಿಲ್ಲ. ಲಾರಿ ಕೇಳುತ್ತದೆ, ಸಕಾರ ಕೇಳುವುದಿಲ್ಲ. ಕಿವಿಗೆ ಮಿಷನ್ನು ಹಾಕಬೇಕು, ಮಾತು ಕಲಿಸಬೇಕು. "ಮುಂಚೇನೇ ಬಂದಿದ್ರೆ ಇನ್ನೂ ಸುಲಭ ಆಗ್ತಿತ್ತು. ಎಲ್ಲೂ ತೋರಿಸಿರಲಿಲ್ವಾ?"

"ತೋರಿಸಿದ್ವಿ ಮೇಡಂ. ಆ ಡಾಕ್ಟ್ರು ಎಲ್ಲ ಸರಿ ಇದೆ ಅಂದ್ಬಿಟ್ರಂತೆ." ಸುಮಿತ್ರಾ ನನ್ನ ಕಡೆ ತಿರುಗಿದಳು. "ಯಾರ್ರೀ ಅವ್ರು?"

"ಹೆಸರು ನೆನಪಿಲ್ಲ. ಸ್ವಲ್ಪ ವಯಸ್ಸಾದವರು."

ಅಲ್ಲಿಂದ ಆ ಡಾಕ್ಟರು ನಮ್ಮ ಮನೆಯಲ್ಲಿ ವಾಸಿಸತೊಡಗಿದರು. ಸುಮಿತ್ರಾ ಕೇಳಿದಾಗಲೆಲ್ಲ ನಾನು ಅವರಿಗೆ ಒಂದೊಂದು ಲಕ್ಷಣ ಕೊಡಬೇಕಾಯಿತು — ಮೊದಲು ಕನ್ನಡಕ, ಆಮೇಲೆ ಬಕ್ಕತಲೆ, ಒಂದು ಯುಗಾದಿಯಲ್ಲಿ ಉಬ್ಬಸ. ಅವಳು ಅವರನ್ನು ಬೈಯದ ಹಬ್ಬವಿಲ್ಲ. "ಆ ಮನುಷ್ಯ ಐದು ನಿಮಿಷ ಸರಿಯಾಗಿ ನೋಡಿದ್ದಿದ್ರೆ" ಎಂದು ಶುರುಮಾಡಿ, ಕೊನೆಗೆ ದನಿ ತಗ್ಗಿಸಿ, "ತಪ್ಪು ನಂದೇ. ನಾನೇ ಕರ್ಕೊಂಡೋಗ್ಬೇಕಿತ್ತು" ಎಂದು ಮುಗಿಸುತ್ತಿದ್ದಳು. ಮುಖ್ಯೋಪಾಧ್ಯಾಯಿನಿಯ ಬಡ್ತಿ ದೂರದ ಊರಿಗೆ ಬಂದಾಗ ಬೇಡ ಎಂದು ಬರೆದುಕೊಟ್ಟಳು, ಮಗಳನ್ನು ವಾರವಾರ ಮೈಸೂರಿಗೆ ಕರೆದುಕೊಂಡು ಹೋಗಬೇಕು ಎಂದು. ಪ್ರತಿಸಲವೂ ಅವಳು 'ತಪ್ಪು ನಂದೇ' ಎಂದಳು. ಪ್ರತಿಸಲವೂ ನಾನು ಎದುರಿಗೇ ಕೂತು — ಅನ್ನಲು ಬಿಟ್ಟೆ. ಗುರುವಾರದ ಸುಳ್ಳು ಒಂದು ದಿನದ್ದು. ಇದು ಹದಿನೈದು ವರ್ಷದ್ದು. ನಾನು ಸೃಷ್ಟಿಸಿದ ಪಾತ್ರಗಳಲ್ಲಿ ಉಳಿದದ್ದು ಆ ಡಾಕ್ಟರೊಬ್ಬರೇ.

ಸಹನಾ ಮಾತು ಕಲಿತಳು. ಈಗ ಮೈಸೂರಿನಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ, ಹಾಸ್ಟೆಲಿನಲ್ಲಿ ವಾಸ. 'ಸ' ಬರುತ್ತದೆ, ಆದರೆ ಅದರ ಮೇಲೆ ಅವಳಿಗೆ ನಂಬಿಕೆಯಿಲ್ಲ. ಅದಿಲ್ಲದ ಮಾತನ್ನೇ ಆರಿಸಿಕೊಳ್ಳುತ್ತಾಳೆ. ಸಾಕು ಎನ್ನುವುದಿಲ್ಲ, ಆಯ್ತು ಎನ್ನುತ್ತಾಳೆ. ಸ್ವಲ್ಪ ಎನ್ನುವುದಿಲ್ಲ, ಚೂರು. ಸಂಜೆ ಬರ್ತೀನಿ ಎನ್ನುವುದಿಲ್ಲ, ಬೈಗಿಗೆ ಬತ್ತೀನಿ — ತೀರಿಹೋದ ಅಜ್ಜಿಯ ಮಾತು. ಎದುರಿಗಿದ್ದವರ ತುಟಿ ನೋಡುತ್ತಲೇ ಕೇಳಿಸಿಕೊಳ್ಳುತ್ತಾಳೆ. ಹಾಗೆ ನೋಡುವವರ ಮುಂದೆ ನಾನು ಬಹಳ ವರ್ಷ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡಿದ್ದೇನೆ.

ಈಚೆಗೆ ಒಂದು ಭಾನುವಾರ ಊಟದ ಹೊತ್ತಿಗೆ ಬಂದವಳು ಫೋನು ಹಿಡಿದು ನಕ್ಕಳು. "ಅಪ್ಪ, ಕಂಪನಿ ಮುಚ್ಚೋದ್ರೂ ನಿಮ್ಮ ಬ್ಲಾಗು ಹಂಗೇ ಅದೆ. ಇವತ್ತು ಪೂರ್ತಿ ಓದ್ಬುಡ್ತೀನಿ."

"ಓದು, ಓದು. ನಾನೂ ಓದಿಲ್ಲ. ಗಟ್ಟಿಯಾಗಿ ಓದು" ಎಂದಳು ಸುಮಿತ್ರಾ.

'ಹ ಇಲ್ಲದ ಊರು' ಬರಹದ ಕೊನೆಯ ಪ್ಯಾರಾ ನನಗೆ ಬಾಯಿಪಾಠ. "ಈ ಗುರುವಾರ ಬಿಳಿಕೆರೆಯ ಏರಿಯ ಮೇಲೆ, ಹುಣಸೇಮರದ ಕೆಳಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಪುಟ್ಟಿ ಬೀಜ ಜೋಡಿಸುತ್ತಿದ್ದಾಳೆ." ಮೇಲೆ ತಾರೀಕು. ನನ್ನ ಅಪರಾಧವನ್ನು ಮರುದಿನವೇ ಲೋಕಕ್ಕೆಲ್ಲ ಪ್ರಕಟಿಸಿದ್ದೆ. ಓದಬೇಕಾದವಳು ಓದಿರಲಿಲ್ಲ, ಅಷ್ಟೆ. ಸಿಕ್ಕಿಬೀಳುವ ಹತ್ತು ನಿಮಿಷ ಮೊದಲು ಒಪ್ಪಿಕೊಳ್ಳುವುದಕ್ಕೆ ಪ್ರಾಮಾಣಿಕತೆ ಎಂಬ ಹೆಸರು ಸಲ್ಲುವುದಿಲ್ಲ. ಅದು ನನಗೆ ಗೊತ್ತು.

ಒಳಗೆ ಹೋಗಿ ನಿಘಂಟಿನಿಂದ ಚೀಟಿ ತೆಗೆದು ತಂದು ಸುಮಿತ್ರೆಯ ಕೈಗೆ ಕೊಟ್ಟೆ.

"ಆ ಡಾಕ್ಟ್ರು ಇಲ್ಲ ಕಣೇ."

"ಅಯ್ಯೋ, ಯಾವಾಗ ಹೋದ್ರು ಪಾಪ?" ಎಂದಳು. ಹದಿನೈದು ವರ್ಷದಲ್ಲಿ ಅವರಿಗೆ ಮೊದಲ ಸಲ 'ಪಾಪ' ಎಂದಳು.

"ಹೋಗಿಲ್ಲ. ಇರಲೇ ಇಲ್ಲ."

ಬಾಯಿಗೆ ಕೈ ಅಡ್ಡ ಇಡಲಿಲ್ಲ. ಎಲ್ಲ ಹೇಳಿದೆ — ಬಸ್ಸು, ಕೆರೆ, ಪೊಟ್ಟಣ. ಸುಮಿತ್ರಾ ಚೀಟಿಯನ್ನು ಎರಡು ಸಲ ಓದಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಆ ಬೈಗುಳವೆಲ್ಲ ಡಾಕ್ಟರ ಮೇಲೆ ಖರ್ಚಾಗಿಹೋಗಿತ್ತೋ ಏನೋ, ಚೀಟಿಯನ್ನು ಹಳೆಯ ಮಡಿಕೆಯಲ್ಲೇ ಮಡಿಸಿ ಕೈಯಲ್ಲಿಟ್ಟುಕೊಂಡಳು. ಸಹನಾ ನನ್ನ ತುಟಿಯಿಂದ ಕಣ್ಣು ತೆಗೆದು ಹೇಳಿದಳು:

"ಆ ಕೆರೆ ನಂಗೆ ನೆನಪದೆ ಅಪ್ಪ. ಅವತ್ತು ಚೆನ್ನಾಗಿತ್ತು."

ಆಮೇಲೆ ಎರಡೂ ಕಿವಿಯ ಮಿಷನ್ನು ತೆಗೆದು ಡಬ್ಬಿಯಲ್ಲಿಟ್ಟು, ಬ್ಲಾಗನ್ನು ಮೊದಲಿಂದ ಓದತೊಡಗಿದಳು. ಬೈಗಿನ ಬಸ್ಸಿಗೆ ಹೋದಳು.

ಸುಮಿತ್ರಾ ಸೋಮವಾರ ಬೆಳಿಗ್ಗೆ ಎಚ್.ಡಿ. ಕೋಟೆಯಲ್ಲಿರುವ ತಂಗಿಯ ಮನೆಗೆ ಹೋದಳು. ಚೀಟಿಯನ್ನು ಜೊತೆಗೆ ತೆಗೆದುಕೊಂಡು ಹೋಗಿದ್ದಾಳೆ. ಇವತ್ತಿಗೆ ಹತ್ತೊಂಬತ್ತು ದಿನ.