ಊರಿಗೆಲ್ಲ ಕೇಳುವ ಪಿಸುಮಾತು

ನಮ್ಮ ಟೇಲರ್ ಹನಮಪ್ಪ ಪಿಸುಗುಟ್ಟಿದರೆ ಗಜೇಂದ್ರಗಡದ ಎಮ್ಮೆಗಳೂ ಕಿವಿ ನೆಟ್ಟಗೆ ಮಾಡುತ್ತಿದ್ದವು. ಜೋರಾಗಿ ಮಾತಾಡುವಾಗ ಅವನ ಗಂಟಲು ಎಲ್ಲರ ಗಂಟಲಿನಂತೆಯೇ ಇತ್ತು. ಗುಟ್ಟು ಹೇಳಲು ದನಿ ಇಳಿಸಿದನೋ, ಮುಗಿಯಿತು, ಆಚೆ ಓಣಿಯವರೆಗೆ ಹೋಗುತ್ತಿತ್ತು. ಹೆಂಗಸರ ಜಂಪರಿನ ಅಳತೆ ತೆಗೆದರೆ ಮರ್ಯಾದೆಗೆಂದು ಪಿಸುಮಾತಿನಲ್ಲಿಯೇ ಹೇಳಿಕೊಳ್ಳುತ್ತಿದ್ದ. ಹಾಗಾಗಿ ಯಾರ ಸೊಂಟ ಎಷ್ಟು ದಪ್ಪ ಎಂಬುದು ಎದುರಿನ ಪಾನ್ ಅಂಗಡಿಯವನಿಗೂ ಗೊತ್ತಿತ್ತು. ಕಡೆಗೆ ನಾವೆಲ್ಲ ಅವನ ಅಂಗಡಿಗೆ ಹೋಗುವುದನ್ನೇ ಬಿಟ್ಟು, ಹಳೇ ಜಂಪರನ್ನು ಅಳತೆಗೆ ಕಳಿಸತೊಡಗಿದೆವು.

ಇಂಥವನಿಗೆ ನಮ್ಮ ಓಣಿಯವರು ನಾಟಕದಲ್ಲಿ ಮಾತು ಹೇಳಿಕೊಡುವ ಕೆಲಸ ಕೊಟ್ಟಿದ್ದರು. ಪಾತ್ರಧಾರಿ ಮರೆತು ನಿಂತರೆ ಪರದೆಯ ಸಂದಿಯಿಂದ ಮೆಲ್ಲಗೆ ನೆನಪಿಸಬೇಕು. ಇವನು ನೆನಪಿಸಿದರೆ ಮೊದಲು ಕೇಳುತ್ತಿದ್ದುದು ಹಿಂದೆ ಕುಂತ ಜನಕ್ಕೆ. ಅವರು ನಕ್ಕು ಮುಗಿಸಿದ ಮೇಲೆ ಪಾತ್ರಧಾರಿ ಬಾಯಿ ತೆಗೆಯುತ್ತಿದ್ದ. ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು, ನಾಟಕದ ಪುಸ್ತಕ ಮುಟ್ಟಿದವಳಲ್ಲ. ಆದರೂ ಇಡೀ ನಾಟಕ ನನಗೆ ಬಾಯಿಪಾಠ.

ಅವನಿಗೆ ಇನ್ನೊಂದು ಚಟವಿತ್ತು. ನೀವು ಮಾತಾಡುತ್ತಿದ್ದರೆ ಅವನ ತುಟಿಗಳೂ ಆಡುತ್ತಿದ್ದವು, ನಿಮಗಿಂತ ಒಂದು ಮಾತು ಮುಂದೆ. ನೀವೆಲ್ಲಿ ತಡವರಿಸುತ್ತೀರೋ ಎಂದು ಕಾಯುವುದು, ತಡವರಿಸಿದಿರೋ ಮಾತು ಎತ್ತಿ ಕೊಡುವುದು. ಗಂಡ ಹೆಂಡತಿ ಜಗಳದಲ್ಲಿ ಇಬ್ಬರಿಗೂ ಕೊಡುತ್ತಿದ್ದ. ಒಮ್ಮೆ ನಾನು ನಮ್ಮ ಯಜಮಾನರನ್ನು ಬಯ್ಯುತ್ತ ಉಸಿರು ತೆಗೆದುಕೊಳ್ಳಲು ನಿಂತರೆ, ಕಟ್ಟೆಯಿಂದ "ಯಕ್ಕಾ, ನಿಮ್ಮತ್ತಿ ವಿಷಯ ಬಿಟ್ಟಿ ನೋಡು" ಎಂದ. ಹೌದು, ಬಿಟ್ಟಿದ್ದೆ.

ಪ್ರತಿ ಯುಗಾದಿಗೆ ಆಡುತ್ತಿದ್ದುದು ಒಂದೇ ನಗೆನಾಟಕ. ಒಬ್ಬ ಸಾವಕಾರ. ಅವನಿಗೆ ತಿರುಗಿ ಮಾತಾಡದ ಅಳಿಯ ಬೇಕು. ಅವನ ಮಗಳ ಮೇಲೆ ಮನಸ್ಸಿಟ್ಟ ಹುಡುಗನೊಬ್ಬ ಮೂಗನ ಸೋಗು ಹಾಕಿ ಆ ಮನೆಗೆ ಆಳಾಗಿ ಸೇರುತ್ತಾನೆ. ಸಾವಕಾರ ಒದ್ದರೂ ಸುಮ್ಮನೆ, ಬಯ್ದರೂ ಸುಮ್ಮನೆ. ಮೆಚ್ಚಿ ಮಗಳನ್ನು ಕೊಟ್ಟ ಮೇಲೆ, ಕಡೆಯ ಸೀನಿನಲ್ಲಿ, ಹುಡುಗ ಬಾಯಿ ತೆಗೆದು "ಮಾವ, ನಾನು ಮೂಗನಲ್ಲ" ಎನ್ನಬೇಕು. ಅಷ್ಟೇ.

ಒಂದು ವರ್ಷ ಮೂಗನ ಪಾತ್ರದವ ಕಾಮಣಿ ರೋಗವಾಗಿ ಹಾಸಿಗೆ ಹಿಡಿದ. ಹನಮಪ್ಪ ನೆಟ್ಟಗೆ ನಮ್ಮನೆಗೆ ಬಂದ.

"ಯಕ್ಕಾ, ನಿನ್ನ ಮಲ್ಲೇಶಿನ್ನ ಕೊಡು. ಈ ಪಾತ್ರ ಅವನ ಅಳತಿ ತಗೊಂಡ ಹೊಲಿದಂಗೈತಿ."

ಸುಳ್ಳಲ್ಲ. ನನ್ನ ಸಣ್ಣ ಮಗ ಮಲ್ಲೇಶಿ ಸುಟ್ಟ ಮೋಟಾರಿನ ತಂತಿ ಬಿಚ್ಚಿ ಸುತ್ತುವುದರಲ್ಲಿ ಗಟ್ಟಿ. ಹೊಸಬರ ಎದುರಿಗೆ ಮಾತ್ರ ಬಾಯಿಗೆ ಬೀಗ. ಆ ವರ್ಷ ರೋಣದ ಒಂದು ಮದುವೆಯಲ್ಲಿ ನರಗುಂದದ ಈರಪ್ಪನವರ ಮಗಳು ರೇಣುಕಾಳನ್ನು ನೋಡಿ ಬಂದು, ತಾನಾಗಿ ನನ್ನ ಮುಂದೆ ನಿಂತು, "ಅವ್ವಾ, ಆದ್ರ ಅಕಿನ್ನ ಆಗ್ತೇನಿ" ಎಂದಿದ್ದ. ಅವನು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದೇ ಅಪರೂಪ. ಆಗದಿದ್ದರೆ ಇನ್ನೊಮ್ಮೆ ಬಾಯಿ ತೆಗೆಯುವವನಲ್ಲ ಎಂದು ನನಗೆ ಗೊತ್ತಿತ್ತು. ಅವರ ಮನೆಗೆ ಹೇಳಿ ಕಳಿಸಿದ್ದೆವು, ಅವರೂ ಹ್ಞೂಂ ಎನ್ನುವ ಹಾದಿಯಲ್ಲಿದ್ದರು.

ನಮ್ಮ ಕಡೆ ಹೆಣ್ಣಿನವರು ಒಂದು ಕೆಲಸ ಮಾಡುತ್ತಾರೆ. ಸೀದಾ ಬಂದು ಕೇಳುವ ಮೊದಲು, ಹುಡುಗನಿಗೆ ಗೊತ್ತಾಗದಂತೆ ಒಮ್ಮೆ ದೂರದಿಂದ ನೋಡಿ ಹೋಗುತ್ತಾರೆ, ಕುಡಿಯುತ್ತಾನೋ, ಕುಂಟುತ್ತಾನೋ ಎಂದು. ಈರಪ್ಪನವರೂ ತಮ್ಮನನ್ನು ಕರೆದುಕೊಂಡು ಹಾಗೇ ಬಂದರು. ಬಂದದ್ದು ಯುಗಾದಿಯ ದಿನ. ಹುಡುಗ ಎಲ್ಲಿ ಎಂದು ಕೇಳಿದರೆ ಯಾರೋ ನಾಟಕದ ಮಂಟಪ ತೋರಿಸಿದರು. ಜನದ ನಡುವೆ ನಿಂತು ನೋಡಿದರು. ಮಲ್ಲೇಶಿ ಒದೆ ತಿನ್ನುತ್ತಾನೆ, ಕೈಸನ್ನೆ ಮಾಡುತ್ತಾನೆ, ಬ್ಯಾ ಬ್ಯಾ ಎನ್ನುತ್ತಾನೆ. ನರಗುಂದದ ಕೊನೆಯ ಬಸ್ಸು ತಪ್ಪುತ್ತದೆಂದು ಕಡೆಯ ಸೀನಿಗೆ ಮೊದಲೇ ಹೊರಟು ಹೋದರು.

ನಿಂತಿದ್ದರೂ ಅಷ್ಟೇ ಆಗುತ್ತಿತ್ತು ಬಿಡಿ. ಕಡೆಯ ಸೀನಿನಲ್ಲಿ ಮಲ್ಲೇಶಿ ಬಾಯಿ ತೆಗೆದ, ಮಾತು ಬರಲಿಲ್ಲ. ಪರದೆ ಸಂದಿಯಿಂದ "ಮಾವ, ನಾನು ಮೂಗನಲ್ಲ!" ಎಂದು ಹನಮಪ್ಪನ ಪಿಸುಮಾತು ಬಂತು. ಜನ ಸಿಳ್ಳು ಹೊಡೆದರು. ಪರದೆ ಬಿತ್ತು. ಮೂಗ ಮೂಗನಾಗಿಯೇ ಉಳಿದ.

ಮರುದಿನ ಈರಪ್ಪನವರ ಫೋನು.

"ಅಕ್ಕಾರ, ಹುಡುಗ ಮೂಗ ಅಂತ ಮೊದಲ ಹೇಳಬೇಕಿತ್ರಿ. ಮೋಸ ಮಾಡಬಾರದ್ರಿ."

"ಯಾರ ಮೂಗ? ಅದು ನಾಟಕ್ರಿ!"

"ಆಡಾಕ ಬಂದವರು ಮಾತಾಡ್ತಾರ್ರಿ. ಅಂವ ಒಂದ್ ಅಕ್ಷರ ಆಡಲಿಲ್ಲ. ಸೋಗು ಹಾಕಿದವ ಅಷ್ಟ ಚಂದ ಬ್ಯಾ ಅನ್ನಂಗಿಲ್ಲ ತಗೋರಿ."

ಫೋನು ಇಟ್ಟರು. ಮಲ್ಲೇಶಿ ಕೇಳಿಸಿಕೊಂಡು ಎದ್ದು ತನ್ನ ಮೋಟಾರಿನ ಅಂಗಡಿಗೆ ಹೋದ. ನಾನು ಹನಮಪ್ಪನ ಹೊಲಿಗೆ ಮಷಿನ್ನಿನ ಮುಂದೆ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಆವತ್ತು ಅವನ ತುಟಿ ಆಡಲಿಲ್ಲ.

"ಯಕ್ಕಾ, ನಾ ಹಾಕಿದ ಹೊಲಿಗಿ ಇದು, ನಾನ ಬಿಚ್ಚತೇನಿ. ನಡೀ ನರಗುಂದಕ್ಕ."

"ಅಲ್ಲಿ ನನ್ನ ಮಗ ಬಾಯಿ ಬಿಡಬೇಕಲ್ಲೋ?"

"ನಾ ಹಿಂದ ಇರ್ತೇನಿ."

ಅದೇ ನನ್ನ ಹೆದರಿಕೆ ಎಂದು ಹೇಳುವಷ್ಟರಲ್ಲಿ ಅಂಗಡಿಯ ಬಾಗಿಲು ಎಳೆದಿದ್ದ.

ಈರಪ್ಪನವರ ಪಡಸಾಲೆಯಲ್ಲಿ ನಾನು, ಮಲ್ಲೇಶಿ ಕುಂತೆವು. ಹನಮಪ್ಪ ಎಲೆ ಉಗುಳಿ ಬರುತ್ತೇನೆಂದು ಹೊರಗೆ ಹೋಗಿ ಕಿಟಕಿಯ ಕೆಳಗೆ ಅಡಗಿ ಕುಂತ.

"ಏನ್ ತಮ್ಮಾ, ನಿನ್ನ ಹೆಸರು?" ಎಂದರು ಈರಪ್ಪನವರು.

ಮಲ್ಲೇಶಿ ನೆಲ ನೋಡಿದ.

"ಮಲ್ಲೇಶಿ! ಮಲ್ಲೇಶಿ ಅನ್ನಲೇ!" ಎಂದಿತು ಕಿಟಕಿ.

ಈರಪ್ಪನವರು ಕಿಟಕಿ ನೋಡಿದರು, ನನ್ನನ್ನು ನೋಡಿದರು. ನಾನು ತೊಲೆ ನೋಡಿದೆ.

"ಏನ್ ಉದ್ಯೋಗ ಮಾಡ್ತಿ?"

"ಮೋಟಾರ್ ಸುತ್ತತೇನ್ರಿ ಅನ್ನು. ತಲಿ ಎತ್ತು ಮೊದಲ."

ಮಲ್ಲೇಶಿ ತಲೆ ಎತ್ತಿದ. ಅಷ್ಟೇ ಎತ್ತಿದ.

ಈರಪ್ಪನವರು ಕುರ್ಚಿಯನ್ನೇ ಕಿಟಕಿಯ ಕಡೆ ತಿರುಗಿಸಿದರು. "ಸಾಲಿ ಎಷ್ಟ ಕಲ್ತಾನ್ರಿ?" "ಹತ್ತನೇದು ಆಗೈತ್ರಿ." "ಕುಡಿಯೋದು?" "ಚಾ ಒಂದ ರೀ." ಹೀಗೆ ನರಗುಂದಕ್ಕೂ ಕಿಟಕಿಗೂ ಚಲೋ ಮಾತುಕತೆ ನಡೆಯಿತು. ಓಣಿಯ ಜನ ಹೊರಗೆ ಸೇರಿತು.

ಅಷ್ಟರಲ್ಲಿ ರೇಣುಕಾ ಚಹಾ ತಂದಳು. ಹನಮಪ್ಪನಿಗೆ ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು. "ಈಗ ನೋಡು! 'ನಿನ್ನ ಮುಖ ಕಂಡ ಕಣ್ಣಿಗೆ ಇನ್ನು ಚಂದ್ರನ ಹಂಗಿಲ್ಲ ಸುಂದರೀ' ಅನ್ನು! ಅನ್ನಲೇ!"

ಮಲ್ಲೇಶಿ ಒಂದು ಗುಟುಕು ಚಹಾ ಕುಡಿದ. ಬಟ್ಟಲು ಕೆಳಗಿಟ್ಟ.

"ಸಕ್ರಿ ಭಾಳ ಆಗೈತ್ರಿ" ಎಂದ.

ಇಷ್ಟು ವರ್ಷ ಮಾತಿಲ್ಲ, ಆಡಿದರೆ ಈ ಮಾತು. ಎದ್ದು ಹೋಗೋಣವೆಂದು ನಾನು ಸೆರಗು ಹೊದ್ದುಕೊಂಡೆ.

ರೇಣುಕಾ ಅವನ ಮುಂದಿನ ಬಟ್ಟಲು ಎತ್ತಿಕೊಂಡಳು. "ಹಂಗಾರ ಇದನ್ನ ಕಿಡಕ್ಯಾಗಿನವರಿಗೆ ಕೊಡ್ತೇನ್ರಿ, ಅವರ ಮಾತಿಗೆ ಸರಿಹೋಗತೈತಿ. ನಿಮಗ ಬ್ಯಾರೆ ಮಾಡಿ ತರ್ತೇನಿ."

"ಹ್ಞೂಂ, ತರ್ರಿ" ಎಂದ ನನ್ನ ಮಗ. ಇದನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ.

ಈರಪ್ಪನವರು ಉಸಿರು ಬಿಟ್ಟು, "ಬಾಯಿ ಅಂತೂ ಐತಿ. ತಪ್ಪ ಹುಡುಕಾಕ ಐತಿ, ಇರ್ಲಿ, ಗಂಡಸರ ಬಾಯಿ ಇರೋದ ಅದಕ್ಕ" ಎಂದರು. ಹನಮಪ್ಪ ಹೊರಗೆ ಕುಂತು ಸಕ್ಕರೆ ಚಹಾ ಕುಡಿದ. ಮದುವೆಯಾಯಿತು. ತಾಳಿ ಕಟ್ಟುವಾಗ ಹನಮಪ್ಪ ಐನೋರಿಗೆ ಮಂತ್ರ ಎತ್ತಿಕೊಡಲು ಹೋಗಿ ಬೈಸಿಕೊಂಡ.

ಅವನು ಮಾತ್ರ ಮದುವೆಯಾಗಲಿಲ್ಲ. "ಯಾಕೋ?" ಎಂದು ಒಮ್ಮೆ ಕೇಳಿದ್ದೆ. "ನನ್ನ ಹಿಂದ ಯಾರ ನಿಂದರಬೇಕು ಯಕ್ಕಾ" ಎಂದು ಸೂಜಿಗೆ ದಾರ ಹಾಕಿದ.

ಕಡೆಯ ಸಲ ನೋಡಿದ್ದು ಹೋದ ವರ್ಷ, ರೋಣದ ದವಾಖಾನಿಯಲ್ಲಿ. ಯುಗಾದಿ ಹತ್ತಿರ ಬಂದಿತ್ತು. ಎದೆಯಲ್ಲಿ ನೀರು ತುಂಬಿ, ಹಾಸಿಗೆಯ ಮೇಲೆ ಮಡಿಚಿಟ್ಟ ಅರಿವೆಯಷ್ಟು ಆಗಿದ್ದ. ನಾನು, ಮಲ್ಲೇಶಿ ಪಕ್ಕದಲ್ಲಿ ನಿಂತೆವು. ನನಗೆ ಇಂಥಲ್ಲಿ ಏನನ್ನಬೇಕೋ ತಿಳಿಯುವುದಿಲ್ಲ.

"'ಲಗೂ ಆರಾಮಾಗು, ನಾಟಕ ಐತಿ' ಅನ್ನು ಯಕ್ಕಾ" ಎಂದು ಹನಮಪ್ಪ ಪಿಸುಗುಟ್ಟಿದ. ಅತ್ತ ಕಡೆಯ ಹಾಸಿಗೆಯ ಮುದುಕಿ ಎದ್ದು ಕುಂತು ನನ್ನನ್ನೇ ನೋಡಿದಳು, ಅನ್ನುತ್ತಾಳೋ ಇಲ್ಲವೋ ಎಂದು.

"ನಾ ಸುಳ್ಳ ಹೇಳಂಗಿಲ್ಲೋ" ಎಂದೆ.

ಆಗ ಮಲ್ಲೇಶಿ, ಮೆಲ್ಲಗೆ, "ಲಗೂ ಆರಾಮಾಗ್ರಿ ಕಾಕಾ, ನಾಟಕ ಐತಿ" ಎಂದ.

ಹನಮಪ್ಪ ಕಣ್ಣು ಮುಚ್ಚಿಯೇ, "ಹಿಂದ ಕುಂತವರಿಗೆ ಕೇಳಸಲಿಲ್ಲ" ಎಂದ.

ನನ್ನ ಮಗ ಎದೆ ತುಂಬ ಉಸಿರು ತೆಗೆದುಕೊಂಡು, ದವಾಖಾನಿಯ ಗಾಜು ಅದುರುವಂತೆ ಅದೇ ಮಾತನ್ನು ಇನ್ನೊಮ್ಮೆ ಕೂಗಿದ. ನರ್ಸು ಓಡಿ ಬಂದಳು. "ಇದೇನ್ ದವಾಖಾನಿ ಅಂತ ತಿಳಿದೀರೋ, ನಾಟಕದ ಮಂಟಪ ಅಂತ ತಿಳಿದೀರೋ? ಹೊರಗ ನಡೀರಿ ಮೊದಲ!" ಎಂದು ಬಯ್ಯತೊಡಗಿದಳು. ನಾನು ಹನಮಪ್ಪನ ಕಡೆ ನೋಡಿದೆ. ಅವನ ತುಟಿಗಳು ಆಡುತ್ತಿದ್ದವು, ಅವಳಿಗಿಂತ ಒಂದು ಮಾತು ಮುಂದೆ.